ಮುತ್ತುವಿನ ಉಪವಾಸ ಮುರಿದ ತಾಮರೈ

ತಾಮರೈಚೆಲ್ವಿ ನಮ್ಮ ಬೀಡಿ ಸಂಘದ ಇಸಕ್ಕಿಯಮ್ಮಾಳ್ ಮಗಳು. ತಾಯಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದರೆ, ಆ ಹೊಗೆಸೊಪ್ಪಿನ ಘಾಟಿನಲ್ಲೇ ಕೂತು ಓದಿದವಳು. ದೊಡ್ಡ ಡಾಕ್ಟರ್ ಸೀಟು ಸಿಗಲಿಲ್ಲ, ಪ್ರಕೃತಿ ಚಿಕಿತ್ಸೆಯ ಕಾಲೇಜು ಸಿಕ್ಕಿತು. ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಆದರೆ ಓದುತ್ತ ಓದುತ್ತ ಅದರ ಮೇಲೆ ಅವಳಿಗೆ ನಿಜವಾದ ಪ್ರೀತಿ ಹುಟ್ಟಿತು. ಮಂಡಿ ಹಿಡಿದವರು ಅವಳ ಕೈಯಲ್ಲಿ ನಡೆದಾಡಿದ್ದನ್ನು ನಾನೇ ನೋಡಿದ್ದೇನೆ.

ತಿರುನೆಲ್ವೇಲಿಯಲ್ಲಿ ಮೈಗೆ ಮಣ್ಣು ಮೆತ್ತಿ ಚಿಕಿತ್ಸೆ ಮಾಡುವ ಈ ಕಾಲೇಜಿನ ಮಕ್ಕಳನ್ನು ಡಾಕ್ಟರ್ ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೀದಿಯ ಮೂಲೆಯ ಚಹಾದಂಗಡಿಯವನಂತೂ ಇವಳು ಕಂಡರೆ ಸಾಕು, ಶುರು ಮಾಡುತ್ತಿದ್ದ.

"ಏನಮ್ಮಾ ಮಣ್ಣು ಡಾಕ್ಟ್ರೇ, ನಮ್ಮ ಎಮ್ಮೆ ದಿನಾ ನಿನ್ನ ಟ್ರೀಟ್‌ಮೆಂಟೇ ತಗೊಳ್ತದೆ. ಕೆಸರು ಬಿಟ್ಟು ಏಳೋದೇ ಇಲ್ಲ."

"ಅದಕ್ಕೇ ಅಣ್ಣಾಚಿ, ಅದು ನಿಮಗಿಂತ ಗಟ್ಟಿಮುಟ್ಟಾಗಿದೆ."

ಕೊನೆಯ ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದಾಗ ಈ ಮಕ್ಕಳೆಲ್ಲ ಸೇರಿ ಕಲೆಕ್ಟರ್ ಕಚೇರಿ ಎದುರು ಪೆಂಡಾಲು ಹಾಕಿ ಉಪವಾಸ ಕೂತರು. ಸರ್ಕಾರಿ ಆಸ್ಪತ್ರೆಗಳಲ್ಲಿ ನಮಗೂ ಡಾಕ್ಟರ್ ಹುದ್ದೆ ಕೊಡಿ ಎಂಬುದು ಅವರ ಬೇಡಿಕೆ. ಹೋರಾಟದ ಹಳೆಯ ಆಸಾಮಿ ಎಂದು ನನ್ನನ್ನೂ ಕರೆದರು. ನಾನು ಹೋದೆ. ಇವರ ಮುಖಂಡ ವಳವನ್. ಒಳ್ಳೆಯ ಗಂಟಲು, ಅಷ್ಟೇ ದೊಡ್ಡ ಹಟ.

"ಕಾಮ್ರೇಡ್, ಊಟ ಬಿಡೋದನ್ನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ನಮ್ಮ ಓದು. ಪೊಲೀಸರು ಸುಸ್ತಾಗ್ತಾರೆ, ನಾವಾಗಲ್ಲ," ಎಂದ.

ಮಾತು ಸುಳ್ಳಲ್ಲ. ನಾನು ಕಂಡ ಉಪವಾಸ ಸತ್ಯಾಗ್ರಹಗಳಲ್ಲಿ ಎರಡನೇ ದಿನಕ್ಕೇ ಅರ್ಧ ಜನ ತಲೆ ಹಿಡಿದುಕೊಂಡು ಮಲಗಿರುತ್ತಾರೆ. ಇವರು ಬೆಳಿಗ್ಗೆ ಪ್ರಾಣಾಯಾಮ ಮಾಡುತ್ತಿದ್ದರು, ಅಳತೆ ಹಿಡಿದು ನೀರು ಕುಡಿಯುತ್ತಿದ್ದರು, ಬಿಸಿಲೇರಿದರೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು.

ಅವರಲ್ಲೊಬ್ಬ ಸುಡಲೈಮುತ್ತು. ತೆಳ್ಳಗಿನ ಹುಡುಗ, ಮಾತಿನಲ್ಲಿ ಚುರುಕು. ಹಳ್ಳಿ ಶಿಬಿರಗಳಿಗೆ ಹೋದರೆ ಸಕ್ಕರೆ ಕಾಯಿಲೆಯವರನ್ನು ಕೂರಿಸಿಕೊಂಡು ಪಥ್ಯ, ಆಸನ ಹೇಳಿಕೊಡುವವನು ಅವನೇ. ತಾಮರೈಗೂ ಅವನಿಗೂ ಮೊದಲ ವರ್ಷದಿಂದ ಒಂದೇ ಬೆಂಚು. ಒಬ್ಬರ ಬುತ್ತಿ ಇನ್ನೊಬ್ಬರು ಕದ್ದು ತಿನ್ನುವಷ್ಟು ಸಲಿಗೆ.

ಮೂರನೇ ದಿನ ಮಧ್ಯಾಹ್ನ ಮುತ್ತು ವಾಂತಿ ಮಾಡಿಕೊಂಡ. ಯಾರೂ ಹೆದರಲಿಲ್ಲ. ಬದಲಿಗೆ ಖುಷಿಪಟ್ಟರು! ಉಪವಾಸದಲ್ಲಿ ದೇಹದ ಕಸ ಹೊರಗೆ ಹೋಗುವಾಗ ಮನುಷ್ಯ ಒಂದಿಷ್ಟು ಕೆಡುತ್ತಾನೆ, ಕೆಟ್ಟು ಆಮೇಲೆ ಚೇತರಿಸುತ್ತಾನೆ ಎಂಬುದು ಇವರು ಕಲಿತ ಪಾಠ. 'ಕ್ರೈಸಿಸ್' ಎನ್ನುತ್ತಾರೆ. ಬಾಯಿ ವಾಸನೆ ಬಂದರೆ ಅದೂ ಒಳ್ಳೆಯ ಲಕ್ಷಣವೇ. ಆ ಪೆಂಡಾಲಿನಲ್ಲಿ ಯಾರ ಬಾಯಿ ವಾಸನೆ ಬರುತ್ತಿರಲಿಲ್ಲ? ವಳವನ್ ಮಣ್ಣು ಕಲಸಿ ಮುತ್ತುವಿನ ಹೊಟ್ಟೆಗೆ ಪಟ್ಟಿ ಹಾಕಿದ. ಒಬ್ಬಳು ತಲೆಗೆ ತಣ್ಣೀರ ಬಟ್ಟೆ ಇಟ್ಟಳು.

ತಾಮರೈ ಮಾತ್ರ ಅವನನ್ನೇ ನೋಡುತ್ತ ಕೂತಿದ್ದಳು. ಆಮೇಲೆ ನನ್ನ ಹತ್ತಿರ ಸರಿದು ಬಂದಳು.

"ಮಾಮಾ, ನಾವೆಲ್ಲ ಮೂತ್ರಕ್ಕೆ ಹೋಗೋದೇ ಕಮ್ಮಿಯಾಗಿದೆ. ಇವನು ಕೊಡಗಟ್ಟಲೆ ನೀರು ಕುಡೀತಾನೆ, ಮತ್ತೆ ಮತ್ತೆ ಎದ್ದು ಹೋಗ್ತಾನೆ. ಉಸಿರು ನೋಡಿ. ಮಲಗಿದ್ದಾನೆ, ಓಡಿ ಬಂದವನ ಥರ ಎಳೀತಿದ್ದಾನೆ."

ಶಿಬಿರಕ್ಕೆ ಒಯ್ಯುವ ಸಕ್ಕರೆ ನೋಡುವ ಯಂತ್ರ ಪೆಟ್ಟಿಗೆಯಲ್ಲಿತ್ತು. ತಂದು ಅವನ ಬೆರಳು ಚುಚ್ಚಿದಳು. ಅಂಕಿಯೇ ಬರಲಿಲ್ಲ. ಅಳೆಯಲಾರದಷ್ಟು ಹೆಚ್ಚಿದೆ ಎಂಬ ಗುರುತು ಬಂತು.

ವಳವನ್ ನಕ್ಕ. "ಲೇ ಹುಚ್ಚಿ, ಊಟ ಬಿಟ್ಟು ಮೂರು ದಿನ ಆಯ್ತು. ಸಕ್ಕರೆ ಎಲ್ಲಿಂದ ಬರುತ್ತೆ? ಸೆಲ್ ಹೋಗಿರಬೇಕು."

ತಾಮರೈ ತನ್ನ ಬೆರಳು ಚುಚ್ಚಿಕೊಂಡಳು. ಉಪವಾಸಿಯ ಸಕ್ಕರೆ ಎಷ್ಟಿರಬೇಕೋ ಅಷ್ಟು ತೋರಿಸಿತು. ವಳವನ್‌ನ ಕೈ ಹಿಡಿದೆಳೆದು ಅವನದನ್ನೂ ನೋಡಿದಳು. ಅದೂ ಅಷ್ಟೇ. ಮತ್ತೆ ಮುತ್ತುವಿನದು. ಮತ್ತೆ ಅದೇ ಗುರುತು.

ತಾಮರೈ ಯಂತ್ರ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಆಟೋ ಕರೀರಿ ಮಾಮಾ."

"ತಾಮರೈ, ನಿಲ್ಲು. ಎದುರಿಗೇ ಟೀವಿಯವರಿದ್ದಾರೆ," ವಳವನ್ ಅಡ್ಡ ಬಂದ. "ನಮ್ಮವನನ್ನ ನಾವೇ ಇಂಗ್ಲಿಷ್ ಡಾಕ್ಟರ ಆಸ್ಪತ್ರೆಗೆ ಹೊತ್ಕೊಂಡು ಹೋದ್ರೆ ಆಮೇಲೆ ನಮಗ್ಯಾವ ಹುದ್ದೆ? ಸಂಜೆವರೆಗೆ ನೋಡೋಣ."

"ಸಂಜೆಗೆ ಹೆಣ ಹೊರ್ತೀಯೇನೋ? ಸರಿ ಆ ಕಡೆ!"

ಮುತ್ತುವೇ ಅರೆಗಣ್ಣು ಬಿಟ್ಟು ಅವಳ ಕೈ ತಳ್ಳಿದ. "ಬೇಡ... ಕ್ರೈಸಿಸ್ಸು... ಹೋಗುತ್ತೆ," ಎಂದು ತೊದಲಿದ. ಅವಳು ಕೇಳಲಿಲ್ಲ. ನಾವಿಬ್ಬರೂ ಹೊತ್ತು ಆಟೋಗೆ ಹಾಕಿದೆವು. ಹಿಂದಿನಿಂದ ಯಾರೋ "ದ್ರೋಹಿ" ಎಂದು ಕೂಗಿದರು. ಅದು ಹೆಣ್ಣು ದನಿ, ಅವಳದೇ ಗೆಳತಿಯದು.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ಹೊಟ್ಟೆಯ ಮಣ್ಣು ಒರೆಸಿದಳು. ಡಾಕ್ಟರು ನಲವತ್ತರ ಗಂಡಸು. ಮುತ್ತುವಿನ ಉಸಿರು ಕೇಳಿದವನೇ ಡ್ರಿಪ್ ಏರಿಸಲು ಕೂಗಿ ಹೇಳಿ, ತಾಮರೈ ಕಡೆ ತಿರುಗಿದ.

"ಇನ್ಸುಲಿನ್ ಯಾವತ್ತು ನಿಲ್ಲಿಸಿದ?"

"ಇನ್ಸುಲಿನ್ನಾ? ಅವನಿಗೆ ಸಕ್ಕರೆ ಕಾಯಿಲೆ ಇಲ್ಲ ಸಾರ್."

"ಇಲ್ವಾ? ಹೊಟ್ಟೆ ಮೇಲೆ ಸೂಜಿ ಗುರುತು ನೋಡಮ್ಮ. ಎಷ್ಟು ವರ್ಷದ್ದಿದು! ಇಂಥವರು ಇನ್ಸುಲಿನ್ ನಿಲ್ಲಿಸಿದ್ರೆ ಊಟ ಬಿಟ್ಟರೂ ಸಕ್ಕರೆ ಏರುತ್ತೆ. ನೀನ್ಯಾರು?"

ಡಾಕ್ಟರ್ ಅನ್ನಿಸಿಕೊಳ್ಳಲು ಮೂರು ದಿನ ಊಟ ಬಿಟ್ಟಿದ್ದ ಹುಡುಗಿ, "ಜೊತೆಗಿದ್ದವಳು," ಎಂದಳು.

ಮುತ್ತುವಿನ ಅಮ್ಮ ಕಡೈಯಂನಿಂದ ಬಸ್ಸು ಹಿಡಿದು ಓಡಿ ಬಂದಳು. ಬಂದವಳೇ ಎದೆ ಬಡಿದುಕೊಂಡಳು.

"ಹನ್ನೊಂದನೇ ವಯಸ್ಸಿಂದ ಸೂಜಿ ಚುಚ್ಕೊಳ್ತಾನೆ ಸಾರ್. ಕಾಲೇಜಲ್ಲಿ ಗೊತ್ತಾಗಬಾರದು ಅಂತಿದ್ದ. ಪ್ರಕೃತಿ ಡಾಕ್ಟ್ರು ಸೂಜಿ ಚುಚ್ಕೊಂಡ್ರೆ ಜನ ನಗ್ತಾರಮ್ಮಾ ಅಂತಿದ್ದ. ಪೆಂಡಾಲಲ್ಲಿ ಎಲ್ಲರ ಕಣ್ಣೆದುರು ಹೆಂಗೆ ಚುಚ್ಕೊಳ್ತಾನೆ? ಬಿಟ್ಟೇಬಿಟ್ಟ!"

ತಾಮರೈ ಗೋಡೆಗೆ ಒರಗಿ ಕೂತಳು. ಐದು ವರ್ಷ ಒಂದೇ ಬೆಂಚು. ಜೊತೆಯವನ ಕಾಯಿಲೆ ಕಾಣದವಳು ಊರವರ ಕಾಯಿಲೆ ಕಾಣುತ್ತೇನೆ ಎಂದು ಹೊರಟಿದ್ದೆನಲ್ಲ ಮಾಮಾ ಎಂದಳು. ಲಾಠಿ ಏಟು ತಿಂದಾಗಲೂ ನಾನು ಅಷ್ಟು ಬೆಪ್ಪಾಗಿದ್ದಿಲ್ಲ.

ಮರುದಿನ ಪೆಂಡಾಲು ಕಿತ್ತರು. ಪತ್ರಿಕೆಯವರು ನಕ್ಕು ಬರೆದರು. ಹುದ್ದೆ ಇವತ್ತಿಗೂ ಬಂದಿಲ್ಲ. ವಳವನ್ ಆಸ್ಪತ್ರೆಯ ಗೇಟಿನ ತನಕ ಬಂದು ಒಳಗೆ ಕಾಲಿಡಲಾರದೆ ವಾಪಸಾದ.

ಮುತ್ತುವಿಗೆ ಪೂರ್ತಿ ಎಚ್ಚರವಾದಾಗ ತಾಮರೈ ಪಕ್ಕದಲ್ಲೇ ಇದ್ದಳು. ನರ್ಸಮ್ಮ ಸೂಜಿ ಹಿಡಿದು ಬರುತ್ತಿದ್ದಳು. ಅವನ ಮೊದಲ ಮಾತೇ, "ಎಲ್ಲರಿಗೂ ಹೇಳಿಬಿಟ್ಟೆಯಾ?"

"ಹೇಳಿದೆ."

"ಇನ್ನು ಯಾವ ಮುಖ ಹೊತ್ತು ಪೇಷಂಟ್ ನೋಡಲಿ? ಬಿಡಬೇಕಿತ್ತು ನನ್ನ. ನಿನ್ನ ಯಾರು ಕರೆದ್ರು?"

ಉಳಿಸಿದವಳಿಗೆ ಸಿಕ್ಕಿದ್ದು ಇದು. ಅವಳು ನರ್ಸಮ್ಮನ ಕೈಯಿಂದ ಸೂಜಿ ಇಸಕೊಂಡು ಅವನ ಅಂಗೈಯಲ್ಲಿ ಇಟ್ಟಳು.

"ಚುಚ್ಕೊ. ಇಲ್ಲೇ, ನಾನು ನೋಡ್ತಾ ಇರ್ತೀನಿ."

ಅವನು ಗೋಡೆಯ ಕಡೆ ತಿರುಗಿದ. ಅವಳು ಎದ್ದು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಅಂಗಿ ಎತ್ತಿದ.