ಎರಡನೇ ಕ್ಯಾನು

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ದುಡಿಯುತ್ತಲೇ ಪ್ರೋಗ್ರಾಂ ಬರೆಯುವುದನ್ನು ಕಲಿತೆ, ಯಾರೂ ಕಲಿಸಲಿಲ್ಲ. ಈಗ ಅರಸೀಕೆರೆಯ ಒಂಟಿ ಕೋಣೆಯಲ್ಲಿ ಕೂತು ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ.

ಪ್ರೋಗ್ರಾಂನಲ್ಲಿ ನನ್ನ ತಪ್ಪು ಹಿಡಿಯಲು ನಾನೇ ಬರೆದಿಟ್ಟ ಪರೀಕ್ಷೆಗಳಿದ್ದವು. ತೂಕಕ್ಕೊಂದಿಷ್ಟು, ಹಾಲಿನ ಫ್ಯಾಟಿಗೊಂದಿಷ್ಟು, ಹಾಲು ಹಾಕಿದವರಿಗೆ ಕೊಡುವ ಚೀಟಿಗೊಂದಿಷ್ಟು. ಕಂಪ್ಯೂಟರೇ ಅವನ್ನೆಲ್ಲ ಓಡಿಸಿ, ಸರಿಯಿದ್ದುದರ ಮುಂದೆ ಹಸಿರು ಗುರುತು, ತಪ್ಪಿದ್ದುದರ ಮುಂದೆ ಕೆಂಪು ಹಾಕುತ್ತಿತ್ತು. ದಿನವಿಡೀ ಯಾರೂ ಮಾತಾಡಿಸದವನಿಗೆ ಆ ಹಸಿರು ಸಾಲು ನೋಡಿದರೆ ಯಾರೋ ಭೇಷ್ ಎಂದ ಹಾಗೆ. ಅದಕ್ಕೇ ಅಂಥ ಸಣ್ಣ ಪರೀಕ್ಷೆಗಳನ್ನೇ ಬರೆಯುತ್ತ ಹೋದೆ. ಕ್ಯಾನು ಇಟ್ಟಲ್ಲಿಂದ ಚೀಟಿ ಕೈಗೆ ಬರುವವರೆಗೂ ಎಲ್ಲವನ್ನೂ ಜೋಡಿಸಿ ನೋಡುವ ಪರೀಕ್ಷೆ ಒಂದೂ ಇರಲಿಲ್ಲ. ಅದು ನಿಧಾನ, ತಲೆನೋವು.

ಹಗರೆ ಕಡೆಯ ಹಳ್ಳಿಯೊಂದರ ಡೈರಿ ಕಾರ್ಯದರ್ಶಿ ಫೋನ್ ಮಾಡಿದರು. "ಸಾ, ಒಬ್ರ ಎಮ್ಮೆ ಹಾಲಿಗೆ ಫ್ಯಾಟ್ ತೀರಾ ಕಮ್ಮಿ ಬತ್ತೈತೆ. ನೀರ್ ಹಾಕಿಲ್ಲ ಅಂತ ಆಯಮ್ಮ ಜಗಳಕ್ಕೇ ನಿಂತೈತೆ."

"ನನ್ನ ಸಾಫ್ಟ್‌ವೇರ್ ಸುಳ್ಳು ಹೇಳಲ್ಲ ಕಣ್ರೀ," ಎಂದೆ.

ಅದನ್ನು ನಂಬಿ ಅವರು ಹಾಲು ಹಾಕಲು ಸಾಲು ನಿಂತವರೆದುರೇ ಆಕೆಯ ಹಾಲು ವಾಪಸ್ ಕಳಿಸಿದರು. ಮರುದಿನ ಆಕೆ ಡೈರಿಗೆ ಬರಲಿಲ್ಲವೆಂದು ತಿಳಿದಾಗ ನನಗೆ ಕೂರಲಾಗಲಿಲ್ಲ. ಬಸ್ಸು ಹತ್ತಿದೆ.

"ಆಯಮ್ಮಂದು ಎರಡು ಕ್ಯಾನು ಸಾ. ಹಸೂದೊಂದು, ಎಮ್ಮೇದೊಂದು. ಮೆಂಬರ್ ನಂಬರು ಒಂದೇ," ಎಂದರು ಕಾರ್ಯದರ್ಶಿ. ಊರಲ್ಲಿ ಹಸು, ಎಮ್ಮೆ ಎರಡನ್ನೂ ಕಟ್ಟಿದವರು ಆಕೆ ಒಬ್ಬರೇ ಅಂತೆ.

ಹಾಗೇ ಒಂದೇ ನಂಬರಿಗೆ ಮೊದಲು ಹಸುವಿನ, ಆಮೇಲೆ ಎಮ್ಮೆಯ ಹಾಲಿಟ್ಟು ನೋಡಿದೆ. ಎರಡನೇ ಚೀಟಿಯಲ್ಲೂ ಮೊದಲ ಕ್ಯಾನಿನ, ಹಸುವಿನ ಹಾಲಿನ ಕಮ್ಮಿ ಫ್ಯಾಟೇ ಬಂತು. ನನ್ನ ಪರೀಕ್ಷೆಗಳಲ್ಲಿ ಒಂದು ನಂಬರಿನವರು ಒಂದೇ ಕ್ಯಾನು ತರುತ್ತಿದ್ದರು.

ಆಕೆಯ ಮನೆಗೆ ಹೋದೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. "ತಪ್ಪು ನಂದೇ ಅಕ್ಕಾ," ಎಂದೆ.

ಅವರು ತಿರುಗಲೂ ಇಲ್ಲ. "ಕೊಟ್ಟಿಗೇಲಿ ಯಾರಿಗ್ ಕೇಳ್ಬೇಕು ಅಂತ ಹೇಳ್ತಿದ್ದೀಯಪ್ಪಾ, ಎಮ್ಮೆಗಾ? ಅಲ್ಲಿ ಸಾಲಲ್ಲಿ ಹೇಳು."

ಮಧ್ಯಾಹ್ನವೆಲ್ಲ ಡೈರಿ ಜಗಲಿಯಲ್ಲಿ ಕೂತೆ. ಮೊದಲು ಎರಡು ಕ್ಯಾನಿನ ಪೂರ್ತಿ ಪರೀಕ್ಷೆ ಬರೆದೆ, ಕೆಂಪಾಯಿತು. ಪ್ರೋಗ್ರಾಂ ತಿದ್ದಿದೆ, ಹಸಿರಾಯಿತು. ಭೇಷ್ ಎಂದ ಹಾಗೇನೂ ಆಗಲಿಲ್ಲ. ಇದ್ದದ್ದನ್ನೇ ಮತ್ತೆ ಮತ್ತೆ ನೋಡುತ್ತಿದ್ದ ಸಣ್ಣ ಪರೀಕ್ಷೆಗಳನ್ನು ರಾಶಿಗಟ್ಟಲೆ ಅಳಿಸಿದೆ.

ಸಂಜೆ ಆಕೆಯೂ ಕ್ಯಾನುಗಳೊಂದಿಗೆ ಬಂದರು. ಸಾಲು ನಿಂತಾಗ ಗಟ್ಟಿಯಾಗಿ ಹೇಳಿದೆ: "ಅಕ್ಕ ನೀರು ಹಾಕಿಲ್ಲ. ತಪ್ಪು ನನ್ನ ಸಾಫ್ಟ್‌ವೇರಿಂದು."

"ಇವ್ನೇ ಏನ್ಲಾ ಆ ಕಂಪ್ಯೂಟರ್ನೋನು!" ಯಾರೋ ನಕ್ಕರು. ನಾನು ತಲೆ ತಗ್ಗಿಸಲಿಲ್ಲ, ಆದರೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆಕೆ ಎರಡು ಕ್ಯಾನನ್ನೂ ಅಳೆಸಿದರು. ಎರಡನೇ ಚೀಟಿ ಸರಿಯಾಗಿ ಬಂತು. ಅದನ್ನು ನನ್ನತ್ತ ಹಿಡಿಯಲಿಲ್ಲ, ಹಿಂದೆ ನಿಂತಿದ್ದವರಿಗೆ ಒಬ್ಬೊಬ್ಬರಿಗೂ ತೋರಿಸುತ್ತ ಹೋದರು.