ಉಬ್ಬಿದ ಅಲಮಾರಿಯ ಬಾಗಿಲು

ಗಂಗಾವತಿಯಿಂದ ನನ್ನನ್ನು ತಾವರಗೇರಾದ ಬಡಿಗರ ಮನೆಗೆ ಕೊಟ್ಟಾಗ ನಿಜಾಮರ ಆಳ್ವಿಕೆಯಿತ್ತು. ತವರಲ್ಲಿ ಅಪ್ಪ ಸಾದಾ ಹಲಗೆಯ ಮೇಲೆ ಬೀಟೆಮರದ ತೆಳು ಹಾಳೆ ಅಂಟಿಸಿ ಮೇಜು, ಪೆಟ್ಟಿಗೆ ಮಾಡುತ್ತಿದ್ದ. ಸರೇಸು ಅಂಟು ಕಾಯಿಸುವುದು, ಹಾಳೆ ಒತ್ತಿ ಕೂಡಿಸುವುದು ನನ್ನ ಪಾಲಿನ ಕೆಲಸ. ಮಾವನಿಗೆ ಆ ವಿದ್ಯೆಯೇ ಸೇರುತ್ತಿರಲಿಲ್ಲ.

"ಕಟಗಿ ಅಂದ್ರ ಒಳಗೂ ಹೊರಗೂ ಒಂದ ಇರಬೇಕು. ಇದು ಹರಕ ಅಂಗಿ ಮ್ಯಾಲ ರೇಷ್ಮಿ ಶಲ್ಯ ಹೊದ್ದಂಗ" ಎನ್ನುತ್ತಿದ್ದರು. ಕೆಲಸ ಬಂದಾಗ ತೋರಿಸಿದರಾಯಿತು ಎಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಊರಿನ ಹತ್ತಿ ವ್ಯಾಪಾರಿಯೊಬ್ಬರು ಹೈದರಾಬಾದಿನಿಂದ ತರಿಸಿದ್ದ ಅಲಮಾರಿಯನ್ನು ಬಂಡಿಯಲ್ಲಿ ಹೇರಿಕೊಂಡು ಬಂದರು. ಬಾಗಿಲಿನ ಮೇಲಿನ ಹಾಳೆ ಕಾದ ರೊಟ್ಟಿಯಂತೆ ಉಬ್ಬಿತ್ತು.

"ಮಗಳ ಮದುವಿಗೆ ತರಿಸೀನ್ರಿ. ಈಗೇನ್ ಮಾಡೋದು?"

ಮಾವ ಉಗುರಿನಿಂದ ತಟ್ಟಿ ನೋಡಿದರು. "ಇದನ್ನ ಕಿತ್ತೊಗೀರಿ. ಸಾಗವಾನಿ ಬಾಗಲಾ ಮಾಡಿಕೊಡ್ತೀನಿ."

ಜೋಳ ಹಸನು ಮಾಡುತ್ತಿದ್ದವಳು ಮೊರ ಬಿಟ್ಟು ಹೊರಬಂದೆ. "ಕೀಳಬ್ಯಾಡ್ರಿ ಮಾವಾರ. ನಾ ಕೂಡಿಸ್ತೀನಿ."

"ಈ ಹೆಣ್ಮಗಳು ಕೆಡಿಸಿದ್ರ?" ಎಂದರು ವ್ಯಾಪಾರಿ.

"ಕೆಟ್ಟರ ಬಾಗಲಾ ನಾ ಮಾಡಿಕೊಡ್ತೀನಿ, ಬಿಡ್ರಿ" ಎಂದರು ಮಾವ. ಅವರ ನಂಬಿಕೆ ನನ್ನ ಮೇಲಲ್ಲ, ತಮ್ಮ ಸಾಗವಾನಿಯ ಮೇಲಿತ್ತು.

ಎದುರುಮನೆಯ ದರ್ಜಿಯಿಂದ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ತಂದೆ. ಬಾಗಿಲನ್ನು ಬಿಚ್ಚಿ ಮಲಗಿಸಿ, ಉಬ್ಬಿದ ಕಡೆ ಮರದ ಎಳೆಗುಂಟ ಚೂರಿಯಿಂದ ಸೀಳಿ, ಒಳಗೆ ಬಿಸಿ ಅಂಟು ಸವರಿದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಒಳಗಿನ ಹಳೆಯ ಅಂಟೂ ಕರಗಿ ಹಾಳೆ ಮೆತ್ತಗಾಯಿತು. ಅದರ ಮೇಲೆ ಹಲಗೆಯಿಟ್ಟು ಬೀಸುವ ಕಲ್ಲು ಹೇರಿದೆ.

ಮರುದಿನ ಕಲ್ಲು ತೆಗೆದಾಗ ಹಾಳೆ ಸಪಾಟಾಗಿ ಕೂತಿತ್ತು. ಆದರೆ ಹಬೆ ತಾಗಿದ ಕಡೆಯೆಲ್ಲ ಮೆರುಗು ಬೆಳ್ಳಗಾಗಿತ್ತು. ನೋಡಲು ಬಂದಿದ್ದ ವ್ಯಾಪಾರಿ ತಲೆಯ ಮೇಲೆ ಕೈಹೊತ್ತರು. ಹೀಗಾಗುವುದು ನನಗೆ ಗೊತ್ತಿತ್ತು. ಮೆರುಗು ಹಚ್ಚುವುದರಲ್ಲಿ ಮಾತ್ರ ನನ್ನ ಕೈ ಅಷ್ಟಕ್ಕಷ್ಟೆ. ಮಾವನ ಮುಖ ನೋಡಿದೆ.

ಅವರು ಬಾಗಿಲ ಮೇಲೆ ಅಂಗೈ ಆಡಿಸಿದರು. ಸೀಳಿದ ಗೆರೆ ಬೆರಳಿಗೆ ಸಿಗಲಿಲ್ಲ. ಮತ್ತೊಮ್ಮೆ ಆಡಿಸಿದರು. "ಅರಗಿನ ಬಾಟ್ಲಿ ತಗೊಂಬಾ" ಎಂದರು. ಅರಿವೆಯ ಉಂಡೆಯನ್ನು ಆ ಅರಗಿನ ಮೆರುಗಿನಲ್ಲಿ ಅದ್ದಿ ಸಂಜೆಯವರೆಗೆ ತಿಕ್ಕಿದರು. ಬಾಗಿಲು ಹೊಸದಕ್ಕಿಂತ ಹೆಚ್ಚು ಹೊಳೆಯಿತು.

ಅಲಮಾರಿ ಹೋದ ಮೇಲೆ ಹೇಳಿದರು: "ನಿಮ್ಮಪ್ಪಗ ಹೇಳಿ ಒಂದೀಟು ಬೀಟಿ ಹಾಳಿ ತರಿಸವಾ."

ಆ ಹಾಳೆಯಿಂದ ಒಂದು ಟೀಪಾಯಿ ಮಾಡಿದೆವು. ಹನುಮಸಾಗರದಿಂದ ಬಂದ ಗಿರಾಕಿ ಅದನ್ನು ಮುಟ್ಟಿ ನೋಡಿ, "ಯಾರು ಮಾಡ್ಯಾರ್ರಿ ಇದನ್ನ?" ಎಂದು ಕೇಳಿದರು.

"ಕಾಲು ನನ್ನವು, ಮೈ ಸೊಸೀದು" ಎಂದರು ಮಾವ.

ಒಳಗೆ ನಾನು ಇನ್ನೊಂದಕ್ಕೆ ಅಂಟು ಕಾಯಿಸುತ್ತಿದ್ದೆ.