ಸುಣ್ಣ ತಾಗದ ಪಾದಗಳು

2006ರ ಮಳೆಗಾಲದಲ್ಲಿ ಅಂಕೋಲಾ ತಾಲೂಕಿನ ಒಂದು ಹಳೆಯ ಮಠದ ಹಿಂಗೋಡೆ ಕುಸಿಯಿತು. ಅದರಾಚೆ ಯಾರಿಗೂ ಗೊತ್ತಿಲ್ಲದ ಕೋಣೆಯೊಂದಿತ್ತು. ಕಲ್ಲಿನ ಕಟ್ಟೆ, ದೀಪದ ಗೂಡು, ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಆಳೆತ್ತರದ ಸನ್ಯಾಸಿ. ಐದಾರು ನೂರು ವರ್ಷ ಹಳೆಯದಿರಬಹುದು ಎಂದರು ತಿಳಿದವರು.

ಕಳೆದ ವಾರ ಕಾರವಾರದಲ್ಲಿ ಪಕ್ಕದ ಮನೆಯವರು ಚಿಪ್ಪಿನ ಸುಣ್ಣವನ್ನು ನೀರಿಗೆ ಹಾಕಿದರು. ಆ ಬಿಸಿ ವಾಸನೆ ನನ್ನ ಮೇಜಿನವರೆಗೂ ಬಂತು. ಮಠದ ಅಂಗಳ ಗುಡಿಸುತ್ತಿದ್ದ ಅಕ್ಕ ನೆನಪಾದಳು...

ಹಟ್ಟಿಕೇರಿಯ ಕಡೆಯಿಂದ ದಿನವೂ ಕೆಲಸಕ್ಕೆ ನಡೆದು ಬರುತ್ತಿದ್ದಳು. ವರದಿಗೆಂದು ಹೋದ ನನ್ನನ್ನು ಕಂಡು, "ಗೋಡೆ ಬಿದ್ರೂ ಪೇಪರಿನವ್ರಿಗೆ ಹಬ್ಬವೇ" ಎಂದು ನಕ್ಕಳು. ಹೊರಡುವಾಗ ನಾನೇ ಹೇಳಿದೆ: "ನಾಳೆ ಪುರಾತತ್ವ ಇಲಾಖೆ ಸಾಹೇಬ್ರು ಬರ್ತಾರೆ ಅಕ್ಕಾ, ಕೋಣೆ ಚೊಕ್ಕ ಮಾಡಿಡು."

ದೊಡ್ಡವರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಕಡೆಯ ಮರ್ಯಾದೆ. ಅದು ನನಗೆ ಹೊಳೆಯಬೇಕಿತ್ತು.

ಮರುದಿನ ಗೋಡೆ ಬೆಳ್ಳಗಿತ್ತು. ಸನ್ಯಾಸಿಯ ಎರಡು ಪಾದ ಮಾತ್ರ ಉಳಿದಿದ್ದವು.

"ಅದೊಂದನ್ನ ಯಾಕೆ ಬಿಟ್ಟೆ? ಅದಕ್ಕೂ ಬಳಿಬೇಕಿತ್ತು" ಎಂದು ಅಕ್ಕನನ್ನು ಹಂಗಿಸಿದರು ಮಠದ ವ್ಯವಸ್ಥಾಪಕರು.

"ಮೇಲೆಲ್ಲ ಮಣ್ಣಿನ ಕಲೆ ಅಂದ್ಕಂಡೆ ಒಡೆಯಾ. ಕೆಳಗೆ ಬಂದಾಗ ಪಾದ ಕಂಡ್ತು. ಅದ್ರ ಮೇಲೆ ಕುಂಚ ಇಡೂಕೆ ಕೈ ಬರ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು. "ತಮಾ, ಚೊಕ್ಕ ಮಾಡು ಅಂದದ್ದು ನೀನಲ್ಲಾ? ಹೇಳು ಇವ್ರಿಗೆ. ನನ್ನ ಕೆಲ್ಸ ಹೋತದೆ."

ನಾನು ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಲಿಲ್ಲ.

ಕೆಲಸ ಅಂದೇ ಹೋಯಿತು. ನನ್ನ ವರದಿಯಲ್ಲಿ 'ಕೂಲಿ ಹೆಂಗಸಿನ ಅಜ್ಞಾನದಿಂದ ಚಿತ್ರ ನಾಶ' ಎಂಬ ಸಾಲಿತ್ತು. ತಜ್ಞರು ಸುಣ್ಣ ಕೆರೆದಾಗ ಕೆಮ್ಮಣ್ಣೂ ಅದರೊಂದಿಗೇ ಎದ್ದು ಬಂತು. ಕೋಣೆಯನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಪಾದಗಳಿಗೆ ಗಾಜು ಹಾಕಿದ್ದಾರೆ. ಬಂದವರು ಅಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಪಕ್ಕದ ಫಲಕದಲ್ಲಿ ನನ್ನ ಆ ಸಾಲಿದೆ.

ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಅದಕ್ಕೂ ಮೊದಲು ಒಮ್ಮೆ ಅವಳ ಮನೆಗೆ ಹೋಗಬಹುದಿತ್ತು... ಹೋಗಲಿಲ್ಲ.

ಸೋಮವಾರ ಮಠದ ಕಚೇರಿಗೆ ಪತ್ರ ಕೊಟ್ಟೆ. ಚೊಕ್ಕ ಮಾಡಲು ಹೇಳಿದವನು ನಾನು, ಆ ಸಾಲು ತೆಗೆಯಿರಿ ಎಂದು ಬರೆದಿದ್ದೆ. ಗುಮಾಸ್ತರು ಓದಿ, ಮೊಹರು ಒತ್ತಿ, ಫೈಲಿಗೆ ಸೇರಿಸಿದರು. ನಿನ್ನೆ ಸಂಜೆಯವರೆಗೆ ಫಲಕ ಬದಲಾಗಿರಲಿಲ್ಲ.